ಸೇನಾಪತಿಯ ಹೆಂಡತಿಗೆ ಇಟ್ಟ ಮಾಂಸ

ದೆವ್ವ, ದರ್ಶನ, ಪವಾಡ ಎಂದು ಯಾರಾದರೂ ಮಾತು ತೆಗೆದರೆ ಕುರ್ಚಿ ಬಿಟ್ಟು ಎದ್ದು ಹೋಗುವ ಜಾತಿ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಂಬುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಬಂಟ್ವಾಳದಲ್ಲಿ ನಮ್ಮ ಮನೆಯ ಹಿಂದಿನ ಗದ್ದೆಯಲ್ಲೇ ಭೂತದ ನೇಮ ನಡೆಯುತ್ತಿತ್ತು. ಭೂತ ಕಟ್ಟಿದವರಿಗೆ ಆವೇಶ ಬಂದಾಗ ನನ್ನ ಓರಗೆಯ ಮಕ್ಕಳೆಲ್ಲ ತಾಯಂದಿರ ಸೆರಗಿನೊಳಗೆ ಅಡಗಿದರೆ, ನಾನು ಅವರ ಕಾಲಿನ ಗಗ್ಗರ ಎಷ್ಟು ಭಾರ ಇದ್ದೀತು ಎಂದು ಯೋಚಿಸುತ್ತಿದ್ದೆ. ನಮ್ಮ ಚರ್ಚಿನಲ್ಲಿ ಮಾತೆಯ ಮೂರ್ತಿ ಕಣ್ಣೀರು ಸುರಿಸುತ್ತಿದೆ ಎಂದು ಜನ ಸೇರಿದಾಗ, ಮೊದಲು ಮಾಡು ಸೋರುತ್ತದಾ ನೋಡಿ ಎಂದು ಹೇಳಿ ಪಾದ್ರಿಯವರಿಂದ ಬೈಸಿಕೊಂಡವಳೂ ನಾನೇ. ಈಗ ಕಡಲಾಚೆ, ಪೆನಾಂಗಿನ ಬಯಾನ್ ಲೆಪಾಸ್‌ನಲ್ಲಿ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಕೆಟ್ಟ ಮಾಲು ಯಾಕೆ ಕೆಟ್ಟಿತು ಎಂದು ಹುಡುಕುವುದೇ ನನ್ನ ಕೆಲಸ.

ಹೀಗಿದ್ದವಳು ಕೆಲವು ವರ್ಷಗಳ ಹಿಂದೆ ಒಂದು ಹಾಡಹಗಲು, ನೂರಾರು ಜನರ ನಡುವೆ ನಿಂತು ಒಂದು ಸಂಗತಿ ನೋಡಿದೆ. ನೆನೆಸಿಕೊಂಡರೆ ಈಗಲೂ ಭಯವಾಗುವುದಿಲ್ಲ. ಹೇಸಿಗೆಯಾಗುತ್ತದೆ. ಅನ್ನದ ಮುಂದೆ ಕೂತಾಗ ನೆನಪಾದರೆ ತಟ್ಟೆ ಸರಿಸಿ ಏಳುತ್ತೇನೆ.

ಕಾರ್ಖಾನೆಯಲ್ಲಿ ನನ್ನ ಪಕ್ಕದ ಮೇಜು ಸ್ಯೂ ಲಿಂಗ್‌ಳದು. ಪೆನಾಂಗಿನಲ್ಲೇ ಹುಟ್ಟಿ ಬೆಳೆದ ಚೀನೀ ಹುಡುಗಿ. ಹುಡುಗಿ ಎಂದರೂ ಮೂವತ್ತು ದಾಟಿದೆ, ಮದುವೆಯಾಗಿಲ್ಲ, ತಾಯಿ ಮತ್ತು ಅಣ್ಣನ ಜೊತೆ ಇದ್ದಾಳೆ. ನಮ್ಮಿಬ್ಬರ ಸ್ನೇಹ ಬೆಳೆದದ್ದು ಮಧ್ಯಾಹ್ನ ಹೊತ್ತು ಮಾಮಾಕ್ ಎನ್ನುವ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ಒಂದೇ ತಟ್ಟೆಯ ಮೀನುಸಾರಿಗೆ ಇಬ್ಬರೂ ಪರೋಟ ಅದ್ದುತ್ತಾ. ಅವಳ ಅಣ್ಣ ಬೂನ್‌ನ ಎರಡು ಕಿಡ್ನಿಗಳೂ ಕೆಲಸ ನಿಲ್ಲಿಸಿ, ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕಿತ್ತು. ತಾಯಿಗೆ ಸಕ್ಕರೆ ಕಾಯಿಲೆ, ಅವರು ಕಿಡ್ನಿ ಕೊಡಲು ಆಗುವುದಿಲ್ಲ ಎಂದರು ಡಾಕ್ಟರು. ತಂಗಿಯನ್ನು ಪರೀಕ್ಷೆ ಮಾಡಿದಾಗ ಎಲ್ಲವೂ ಹೊಂದಿತು.

ಅಲ್ಲಿಂದ ಅವಳಿಗೆ ಮನೆಯಲ್ಲಿ ರಾಜೋಪಚಾರ ಶುರುವಾಯಿತು. ಬೆಳಿಗ್ಗೆ ಎದ್ದರೆ ಗಿಡಮೂಲಿಕೆ ಹಾಕಿ ಕುದಿಸಿದ ಸೂಪು, ರಾತ್ರಿ ಬೇಗ ಮಲಗು ಎಂಬ ಕಾಳಜಿ, ಸ್ಕೂಟರು ಹತ್ತಬೇಡ ಎಂಬ ಆಣೆ. ಹಬ್ಬಕ್ಕೆ ಬಿಟ್ಟ ಕೋಳಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡರು. ಕೊಡುತ್ತೀಯಾ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೊಡುತ್ತಾಳೆ ಎಂಬುದು ಪರೀಕ್ಷೆಯ ಫಲಿತಾಂಶದಲ್ಲೇ ಬರೆದಿದೆಯೋ ಎಂಬಂತೆ ನಡೆದುಕೊಂಡರು. ಒಂದು ದಿನ ತಾಯಿ ಫೋನಿನಲ್ಲಿ ಚಿಕ್ಕಮ್ಮನ ಹತ್ತಿರ, “ಗಂಡ ಇಲ್ಲ, ಮಕ್ಕಳಿಲ್ಲ, ಎರಡೆರಡು ಇಟ್ಟುಕೊಂಡು ಇವಳೇನು ಮಾಡುತ್ತಾಳೆ?” ಎಂದದ್ದು ಇವಳ ಕಿವಿಗೆ ಬಿತ್ತು. ಅದನ್ನು ನನಗೆ ಹೇಳುವಾಗ ಅವಳು ನಗುತ್ತಿದ್ದಳು. ಥೂ, ಹೆತ್ತ ತಾಯಿ ಆಡುವ ಮಾತಾ ಇದು!

ಆಸ್ಪತ್ರೆಯಲ್ಲಿ ಡಾಕ್ಟರು ಕೊಡುವವರನ್ನು ಒಂಟಿಯಾಗಿ ಕೂರಿಸಿ, ನಿನಗೆ ಮನಸ್ಸಿದೆಯಾ ಎಂದು ಕೇಳುತ್ತಾರೆ. ಅದು ತಾಯಿಗೂ ಗೊತ್ತಿತ್ತು. ಅದಕ್ಕೇ ಆಕೆ ಇನ್ನೊಂದು ದಾರಿ ಹಿಡಿದರು. ಅವರ ಮನೆತನ ನಡೆದುಕೊಳ್ಳುವ ಗುಡಿಯಲ್ಲಿ ಒಬ್ಬ ಸೇನಾಪತಿ ದೇವರು. ಆ ದೇವರ ಹಬ್ಬದ ದಿನ ಎಲ್ಲರೆದುರು ಅವನ ಅಪ್ಪಣೆ ಕೇಳುವುದು, ಮೂರು ಸಲ ಹೌದು ಎಂದರೆ ಮುಗಿಯಿತು.

“ದೇವರು ಹೌದು ಅಂದ ಮೇಲೆ ಯಾವ ಮುಖ ಇಟ್ಟುಕೊಂಡು ಡಾಕ್ಟರ ಹತ್ತಿರ ಇಲ್ಲ ಅನ್ನಲಿ? ನೀನೂ ಬಾ ಲಾ. ಹೊರಗಿನವರು ಇದ್ದರೆ ಅಮ್ಮ ಸ್ವಲ್ಪ ತಡೆದು ಮಾತಾಡುತ್ತಾಳೆ,” ಎಂದಳು ಸ್ಯೂ ಲಿಂಗ್. ನಾವು ಮಾತಾಡುವುದೆಲ್ಲ ಮಾತುಮಾತಿಗೂ ‘ಲಾ’ ಸೇರಿಸುವ ಇಲ್ಲಿನ ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ.

ಹಬ್ಬದ ಬೆಳಿಗ್ಗೆ ನನ್ನ ಕಾರಿನಲ್ಲೇ ಹೋದೆವು. ದಾರಿಯಲ್ಲಿ ಮಾರ್ಕೆಟ್ಟಿನಲ್ಲಿ ನಿಲ್ಲಿಸಿ, ಅಂಗಡಿಯವನು ಆಗಷ್ಟೇ ಒಲೆಯಿಂದ ತೆಗೆದ ಸುಟ್ಟ ಹಂದಿಮಾಂಸದ ಒಂದು ದೊಡ್ಡ ತುಂಡನ್ನು ತಾಯಿ ಆರಿಸಿದರು. ಅವನು ಅದನ್ನು ನಮ್ಮ ಕಣ್ಣೆದುರೇ ಕತ್ತಿಯಲ್ಲಿ ನಡುವಿಗೆ ಕಡಿದು ಎರಡು ಪೊಟ್ಟಣ ಕಟ್ಟಿಕೊಟ್ಟ. ಎರಡೂ ಒಂದೇ ಬುಟ್ಟಿಯಲ್ಲಿ, ನನ್ನ ಹಿಂದಿನ ಸೀಟಿನಲ್ಲಿ ಬಂದವು. ಕಾರಿನ ತುಂಬ ಗರಿಗರಿ ಚರ್ಮದ ಪರಿಮಳ. ನಾವು ಮಂಗಳೂರು ಕಡೆಯ ಕ್ಯಾಥೊಲಿಕರು, ಆ ವಾಸನೆಗೆ ನಮ್ಮ ಬಾಯಲ್ಲಿ ಹೇಳದೆ ಕೇಳದೆ ನೀರು ಬರುತ್ತದೆ. ಮುಗಿದ ಮೇಲೆ ನನಗೂ ಒಂದು ತುಂಡು ಸಿಗಬಹುದು ಎಂದು ಆಸೆಪಟ್ಟೆ ಎಂದು ನಾಚಿಕೆ ಬಿಟ್ಟು ಹೇಳುತ್ತೇನೆ.

ಗುಡಿ ಕಿಕ್ಕಿರಿದಿತ್ತು. ಊದುಬತ್ತಿಯ ಹೊಗೆಗೆ ಕಣ್ಣು ಉರಿ. ಸೇನಾಪತಿಯ ಕೆಂಪು ಮುಖದ ಮೂರ್ತಿಯೆದುರು ಕೋಳಿ, ಬಾತು, ಹಂದಿ, ಕಿತ್ತಳೆ ರಾಶಿ. ಅರ್ಧಕ್ಕರ್ಧ ಜನ ಬಂದದ್ದು ಲಾಟರಿ ನಂಬರು ಕೇಳುವುದಕ್ಕೆ. ಬೂನ್ ನಮಗಿಂತ ಮೊದಲೇ ಬಂದು ಫ್ಯಾನಿನ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಿಡಿದು ಫೋನ್ ಉಜ್ಜುತ್ತಾ ಕೂತಿದ್ದ. ತಂಗಿಯನ್ನು ತಲೆಯೆತ್ತಿ ನೋಡಲಿಲ್ಲ. ಕಾಯಿಲೆಯ ಮನುಷ್ಯ, ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು, ಪಾಪ ಅನಿಸಬೇಕಿತ್ತು. ಅನಿಸಲಿಲ್ಲ.

ಸರದಿ ಬರಲು ಹೊತ್ತಿತ್ತು. ಗುಡಿಯ ಉಸ್ತುವಾರಿ ನೋಡುತ್ತಿದ್ದ ಹಿರಿಯರು, ಚೀನೀ ಶಾಲೆಯೊಂದರಿಂದ ನಿವೃತ್ತರಾದ ಮೇಷ್ಟ್ರು, ನಾನು ಹೊಸಬಳು ಎಂದು ಕಂಡು ಗೋಡೆಯ ಚಿತ್ರಗಳನ್ನು ತೋರಿಸಲು ಕರೆದುಕೊಂಡು ಹೋದರು. ಸೇನಾಪತಿಯ ಇಡೀ ಬದುಕು ಸಾಲಾಗಿ ಬರೆಸಿದ್ದರು. ಅವನು ಹುಟ್ಟಾ ಸೈನಿಕನಲ್ಲವಂತೆ. ಓದಿ, ಪರೀಕ್ಷೆ ಗೆದ್ದು, ಸಣ್ಣದೊಂದು ಕೋಟೆಯೂರಿಗೆ ಅಧಿಕಾರಿಯಾಗಿ ಬಂದು, ಕವಿತೆ ಬರೆದುಕೊಂಡಿದ್ದವನು. ಉತ್ತರದಿಂದ ದಂಗೆಯ ಸೈನ್ಯ ಇಳಿದು ಬಂದಾಗ ಸುತ್ತಲ ಊರಿನ ಅಧಿಕಾರಿಗಳೆಲ್ಲ ಬಾಗಿಲು ತೆರೆದು ತಲೆಬಾಗಿದರು. ಇವನೊಬ್ಬ ಬಾಗಿಲು ಹಾಕಿಸಿ ಕವಚ ತೊಟ್ಟ. ಹಗಲು ಗೋಡೆಯ ಮೇಲೆ ಯುದ್ಧ, ಸಂಜೆ ಅದೇ ಗೋಡೆಯ ಮೇಲೆ ಕೂತು ಕವಿತೆ. ಚಳಿಗೆ ಮಸಿ ಹೆಪ್ಪುಗಟ್ಟಿದರೆ ಬಾಯಿಯ ಉಸಿರಿನಿಂದ ಕರಗಿಸಿ ಬರೆಯುತ್ತಿದ್ದನಂತೆ. ಸತ್ತ ಸೈನಿಕರ ಹೆಸರುಗಳನ್ನೆಲ್ಲ ಬಾಯಿಪಾಠ ಇಟ್ಟುಕೊಂಡಿದ್ದನಂತೆ.

ಮೇಷ್ಟ್ರು ಅವನ ಒಂದು ಕವಿತೆಯನ್ನು ರಾಗವಾಗಿ ಹೇಳಿ, ಆಮೇಲೆ ಇಂಗ್ಲಿಷಿನಲ್ಲಿ ಅರ್ಥ ಬಿಡಿಸಿದರು. ದಕ್ಷಿಣಕ್ಕೆ ಹೋಗುವ ಕಾಡುಬಾತುಗಳ ಸಾಲು ನಮ್ಮ ಗೋಡೆಯನ್ನೂ ದಾಟಿತು, ವೈರಿಯ ಡೇರೆಯನ್ನೂ ದಾಟಿತು. ಎರಡೂ ಕಡೆ ಮನೆ ನೆನಪಾದವರು ತಲೆಯೆತ್ತಿ ನೋಡಿದರು ಎಂದು. ಸುಳ್ಳು ಯಾಕೆ ಹೇಳಲಿ, ನನ್ನ ಮನಸ್ಸಿಗೆ ತಾಗಿತು. ಇವನು ಕವಿ ಹೌದು ಮಾರಾಯ್ರೇ ಎಂದುಕೊಂಡೆ.

ಮುಂದಿನ ಚಿತ್ರದಲ್ಲಿ ಊರಿನ ಕಾಳು ಮುಗಿದಿತ್ತು. ಕುದುರೆ ಕಡಿದು ತಿಂದರು, ಇಲಿ ಹಿಡಿದು ತಿಂದರು, ಮರದ ತೊಗಟೆ, ಚರ್ಮದ ಪಟ್ಟಿ ಬೇಯಿಸಿ ತಿಂದರು. ಅದರ ಮುಂದಿನ ಚಿತ್ರದಲ್ಲಿ ಬಿಳಿ ಬಟ್ಟೆಯ ಹೆಂಗಸೊಬ್ಬಳು ತಲೆ ತಗ್ಗಿಸಿ ಸೈನಿಕರ ನಡುವೆ ನಿಂತಿದ್ದಾಳೆ, ಹಿಂದೆ ಒಲೆಯ ಮೇಲೆ ದೊಡ್ಡ ಹಂಡೆ. ಸೈನಿಕರಿಗೆ ಬಿಲ್ಲು ಎತ್ತಲೂ ತ್ರಾಣವಿಲ್ಲದಾದಾಗ ಸೇನಾಪತಿ ತನ್ನ ಹೆಂಡತಿಯನ್ನೇ ಕೊಟ್ಟ ಎಂದರು ಮೇಷ್ಟ್ರು. ಕೊಟ್ಟ ಎಂದರೆ ಏನು ಎಂದು ಕೇಳಿದೆ. ಊಟಕ್ಕೆ ಎಂದರು. ಸೈನಿಕರು ಅಳುತ್ತಾ ತಿಂದರಂತೆ. ಕೊನೆಗೆ ಕೋಟೆಯೂ ಬಿತ್ತು, ಇವನ ತಲೆಯೂ ಹೋಯಿತು, ಆಮೇಲೆ ಚಕ್ರವರ್ತಿ ಬಿರುದು ಕೊಟ್ಟ, ಜನ ಗುಡಿ ಕಟ್ಟಿದರು. “ಇಂಥ ತ್ಯಾಗ ಇನ್ನೊಬ್ಬ ಮಾಡಿಲ್ಲ,” ಎನ್ನುವಾಗ ಮೇಷ್ಟ್ರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಯಾರ ತ್ಯಾಗ ಸ್ವಾಮೀ? ಹಂಡೆಗೆ ಬಿದ್ದದ್ದು ಅವಳು, ದೇವರಾದದ್ದು ಅವನು! ಅವಳ ಬಗ್ಗೆ ಏನು ಕವಿತೆ ಬರೆದ ಎಂದು ಕೇಳಿದೆ. ಯಾವುದೂ ಸಿಕ್ಕಿಲ್ಲ ಎಂದರು. ಬಾತುಗಳ ಮೇಲೆ ಇದೆ, ಮಸಿಯ ಮೇಲೆ ಇದೆ, ಕುದುರೆ ಕಡಿದ ದಿನದ ಮೇಲೂ ಇದೆಯಂತೆ. ಅವಳ ಹೆಸರು ಕೇಳಿದೆ. ಅದೂ ತಿಳಿಯದು, ಸೇನಾಪತಿಯ ಪತ್ನಿ ಎಂದಷ್ಟೇ ಆಕೆಯ ಪೀಠದ ಹಲಗೆಯಲ್ಲಿ ಬರೆದಿದೆ ಎಂದರು. ಅವಳನ್ನು ಒಂದು ಮಾತು ಕೇಳಿದ್ದನಾ ಎಂದೂ ಕೇಳಿದೆ. ಮೇಷ್ಟ್ರು ಮಗುವನ್ನು ಸಮಾಧಾನ ಮಾಡುವವರ ಹಾಗೆ ನಕ್ಕು, ಯುದ್ಧಕಾಲದಲ್ಲಿ ಅದನ್ನೆಲ್ಲ ಯಾರು ಕೇಳುತ್ತಾರೆ ಎಂದರು.

ಆ ಹಲಗೆ ಇದ್ದದ್ದು ಮುಖ್ಯ ಪೀಠದ ಎಡಗಡೆ, ಕಂಬದ ಪಕ್ಕದ ಒಂದು ಪುಟ್ಟ ಪೀಠದಲ್ಲಿ. ಅದರ ಮುಂದೆ ಅನ್ನ, ಬೇಯಿಸಿದ ಸೊಪ್ಪು, ಚಹಾ ಇಷ್ಟೇ ಇತ್ತು. ಆಕೆಯೇ ಮಾಂಸವಾಗಿ ಹೋದವಳು, ಆಕೆಯೆದುರು ಮಾಂಸ ತರಬಾರದು, ಇದು ಗುಡಿ ಕಟ್ಟಿದ ದಿನದಿಂದ ಬಂದ ಕಟ್ಟಳೆ ಎಂದು ಮೇಷ್ಟ್ರು ಹೇಳಿದರು. ಅಲ್ಲಿಗೆ ಬರುವ ಮಕ್ಕಳಿಗೂ ಅದು ಗೊತ್ತಂತೆ. ಆ ಜನರಲ್ಲಿ ನನಗೆ ಮೆಚ್ಚುಗೆಯಾದ ಸಂಗತಿ ಅದೊಂದೇ.

ನಮ್ಮ ಸರದಿ ಬಂತು. ತಾಯಿ ಒಂದು ಪೊಟ್ಟಣ ಬಿಚ್ಚಿ ಸೇನಾಪತಿಯ ಮುಂದೆ ಇಟ್ಟರು. ಇನ್ನೊಂದನ್ನು ಬಿಚ್ಚಿ ತಟ್ಟೆಗೆ ಹಾಕಿಕೊಂಡು, ಆಚೆ ಈಚೆ ನೋಡಿ, ಸರಸರ ಹೋಗಿ ಹೆಂಡತಿಯ ಪೀಠದ ಮೇಲೆ ಅನ್ನದ ಬಟ್ಟಲನ್ನು ಸರಿಸಿ ಇಟ್ಟುಬಿಟ್ಟರು. ಮೇಷ್ಟ್ರು ಬೇರೆ ಯಾರ ಜೊತೆಗೋ ಮಾತಲ್ಲಿದ್ದರು. ಸ್ಯೂ ಲಿಂಗ್ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ತಾಯಿ ಕೈಮುಗಿದು ಪಿಸುಗುಟ್ಟಿದ್ದನ್ನು ಅವಳು ನನ್ನ ಕಿವಿಯಲ್ಲಿ ಹೇಳಿದಳು: “ನೀನು ಗಂಡ ಹೇಳಿದ್ದಕ್ಕೆ ಮೈಯನ್ನೇ ಕೊಟ್ಟವಳು. ನನ್ನ ಮಗಳಿಗೂ ಆ ಬುದ್ಧಿ ಕೊಡು. ನಿನಗೂ ಒಳ್ಳೆಯ ತುಂಡು ತಂದಿದ್ದೇನೆ.” ಕಟ್ಟಳೆ ಮರೆತು ಇಟ್ಟದ್ದಲ್ಲ, ಗೊತ್ತಿದ್ದೇ ಇಟ್ಟದ್ದು. ಇಷ್ಟು ಕಾಲ ಸೊಪ್ಪು ತಿಂದು ಬೇಸತ್ತಿರುವ ದೇವಿಗೆ ಮಾಂಸದ ಲಂಚ ಕೊಟ್ಟರೆ ಬೇಗ ಒಲಿದಾಳು ಎಂಬ ಲೆಕ್ಕಾಚಾರ. ಛೀ!

ದೇವರ ಅಪ್ಪಣೆ ಕೇಳುವ ಕ್ರಮ ಹೀಗೆ. ಅರ್ಧಚಂದ್ರದ ಆಕಾರದ ಎರಡು ಮರದ ತುಂಡುಗಳು, ಒಂದು ಮೈ ಚಪ್ಪಟೆ, ಇನ್ನೊಂದು ಮೈ ಉಬ್ಬು. ಪ್ರಶ್ನೆ ಹೇಳಿ ನೆಲಕ್ಕೆ ಬಿಡಬೇಕು. ಒಂದು ಚಪ್ಪಟೆ, ಒಂದು ಉಬ್ಬು ಮೇಲಾಗಿ ಬಿದ್ದರೆ ಹೌದು. ದೊಡ್ಡ ವಿಷಯಕ್ಕೆ ಮೂರು ಸಲ ಸತತವಾಗಿ ಹೌದು ಬರಬೇಕು. ತಾಯಿ ಮಂಡಿಯೂರಿ, ಸುತ್ತಲಿನವರಿಗೆಲ್ಲ ಕೇಳುವಂತೆ ಪ್ರಶ್ನೆ ಹೇಳಿ ಬಿಟ್ಟರು. ಹೌದು. ಜನ ಹೋ ಎಂದರು. ಮತ್ತೆ ಬಿಟ್ಟರು. ಹೌದು. ಬೂನ್ ಮೊದಲ ಸಲ ಫೋನ್ ಕೆಳಗಿಟ್ಟ. ಸ್ಯೂ ಲಿಂಗ್‌ಳ ಉಗುರು ನನ್ನ ತೋಳಿಗೆ ನೆಟ್ಟಿತ್ತು, ಅವಳ ತುಟಿ ಬೆಳ್ಳಗಾಗಿತ್ತು.

ತಾಯಿ ಮೂರನೇ ಸಲ ತುಂಡುಗಳನ್ನು ಎತ್ತಿಕೊಂಡಾಗ ನಾತ ಬಂತು.

ನಾತ ಎಂದರೆ ಎಂಥದ್ದು ಎಂದು ಬರೆಯುವುದು ಕಷ್ಟ. ಮೀನು ಮಾರ್ಕೆಟ್ಟಿನ ಚರಂಡಿ ನನಗೆ ಗೊತ್ತು, ಬಾವಿಯಲ್ಲಿ ಬೆಕ್ಕು ಸತ್ತು ತೇಲಿದ್ದೂ ಗೊತ್ತು. ಇದು ಅವೆರಡಕ್ಕೂ ಮೀರಿದ್ದು, ಮೂಗಿನಿಂದ ಗಂಟಲಿಗೆ ಇಳಿದು ನಾಲಗೆಯ ಮೇಲೆ ರುಚಿಯಾಗಿ ಕೂತಿತು. ಎಲ್ಲರೂ ಒಟ್ಟಿಗೆ ತಿರುಗಿದೆವು. ಹೆಂಡತಿಯ ಪೀಠದ ಮೇಲಿನ ಮಾಂಸ ಕುಸಿದಿತ್ತು. ಆಗಷ್ಟೇ ಗರಿಗರಿಯಾಗಿದ್ದ ಚರ್ಮ ಹಸಿರುಗಪ್ಪಾಗಿ ಒದ್ದೆಯಾಗಿ ಜಾರುತ್ತಿತ್ತು. ತಟ್ಟೆಯ ಅಂಚಿನಿಂದ ಬೂದು ಬಣ್ಣದ ಲೋಳೆ ನೂಲಿನಂತೆ ಇಳಿದು ಪೀಠದಿಂದ ತೊಟ್ಟಿಕ್ಕುತ್ತಿತ್ತು. ಪಕ್ಕದ ಅನ್ನ ಬೆಳ್ಳಗೆ ಹಾಗೇ ಇತ್ತು, ಸೊಪ್ಪು ಹಸಿರಾಗಿತ್ತು. ಅದೇ ತುಂಡಿನ ಇನ್ನರ್ಧ ಸೇನಾಪತಿಯ ಮುಂದೆ ಹೊಳೆಯುತ್ತಾ ಕೂತಿತ್ತು. ಗುಡಿಯ ಕಿತ್ತಳೆಗಳ ಮೇಲೆಲ್ಲ ನೊಣಗಳು ಮುತ್ತಿದ್ದವು. ಆ ಕೊಳೆತದ್ದರ ಮೇಲೆ ಒಂದು ನೊಣವೂ ಕೂರಲಿಲ್ಲ. ನನಗೆ ಹೆಚ್ಚು ಹೇಸಿಗೆ ಹುಟ್ಟಿಸಿದ್ದು ಅದು.

ಜನ ಬಾಯಿ ಮುಚ್ಚಿಕೊಂಡು ಹಿಂದಕ್ಕೆ ಸರಿದರು. ಬೂನ್ ಅಂಗಿಯನ್ನು ಮೂಗಿಗೆ ಎಳೆದುಕೊಂಡು ಎದ್ದು ಹೊರಗೆ ಹೋದ. ಗಾಬರಿಯಲ್ಲಿ ತಾಯಿಯ ಕೈಯಿಂದ ಮರದ ತುಂಡುಗಳು ಜಾರಿ ಬಿದ್ದವು. ಹೇಗೆ ಬಿದ್ದವು ಎಂದು ಯಾರೂ ಬಗ್ಗಿ ನೋಡುವ ಮೊದಲೇ ಸ್ಯೂ ಲಿಂಗ್ ನನ್ನ ಕೈ ಬಿಟ್ಟು ಹೋಗಿ ಎರಡನ್ನೂ ಎತ್ತಿ ಮುಷ್ಟಿಯಲ್ಲಿ ಹಿಡಿದಳು. ತಾಯಿಯ ಮುಖಕ್ಕೆ ಮುಖ ಕೊಟ್ಟು ಅವರ ಭಾಷೆಯಲ್ಲಿ ಏನೋ ಹೇಳಿದಳು. ಅಷ್ಟು ವರ್ಷಗಳಲ್ಲಿ ಅವಳ ಬಾಯಲ್ಲಿ ಆ ದನಿ ನಾನು ಕೇಳಿರಲಿಲ್ಲ. ತಾಯಿ ಮೇಷ್ಟ್ರ ಕಡೆ ತಿರುಗಿ ಏನೋ ಕೇಳಿದರು. ಮೇಷ್ಟ್ರು ಆ ತಟ್ಟೆಯನ್ನೇ ನೋಡುತ್ತಾ ನಿಂತಿದ್ದರು.

ನಾನು ಹೊರಗೋಡಿ ಚರಂಡಿಗೆ ಬಗ್ಗಿ, ಹೊಟ್ಟೆಯಲ್ಲಿದ್ದದ್ದೆಲ್ಲ ಕಕ್ಕಿದೆ. ಆಮೇಲೆ ಸ್ಯೂ ಲಿಂಗ್ ಬಂದು ಕಾರಿನಲ್ಲಿ ಕೂತಳು. ತಾಯಿ ಅಣ್ಣನ ಜೊತೆ ಟ್ಯಾಕ್ಸಿಯಲ್ಲಿ ಹೋದರಂತೆ. ಅರ್ಧ ದಾರಿಯಲ್ಲಿ, ಒಳಗೆ ಅಮ್ಮನಿಗೆ ಏನು ಹೇಳಿದೆ ಎಂದು ಅವಳನ್ನು ಕೇಳಿದೆ.

“ದೇವರನ್ನು ಬಿಡಮ್ಮ, ನಾನು ಇಲ್ಲೇ ಇದ್ದೇನೆ, ನನ್ನನ್ನು ಕೇಳು ಅಂದೆ.”

“ಅದಕ್ಕೆ ಅವರು?”

“ಮೇಷ್ಟ್ರನ್ನ ಕೇಳಿದಳು, ಈ ಮೂರನೆಯದು ಲೆಕ್ಕಕ್ಕೆ ಬರುತ್ತದಾ ಅಂತ.”

ಈ ಮಾತು ಕೇಳಿ ನಾನು ಕಾರು ಬದಿಗೆ ನಿಲ್ಲಿಸಬೇಕಾಯಿತು.

ಕಾರಣ ಹುಡುಕದೆ ಬಿಡುವವಳಲ್ಲ ನಾನು. ಮರುದಿನವೇ ಆ ಅಂಗಡಿಗೆ ಹೋಗಿ ಬೇಕೆಂದೇ ಅಂಥದ್ದೇ ಮಾಂಸ ತಂದು ಬಿಸಿಲಿಗಿಟ್ಟು ನೋಡಿದೆ. ಸಂಜೆಯವರೆಗೆ ಇಟ್ಟರೂ ಒಣಗಿತೇ ಹೊರತು ಕೊಳೆಯಲಿಲ್ಲ. ಯಾರಾದರೂ ಏನಾದರೂ ಸುರಿದರೇ ಎಂದು ಯೋಚಿಸಿದೆ. ಪೀಠದ ಹತ್ತಿರ ತಾಯಿ ಬಿಟ್ಟರೆ ಯಾರೂ ಹೋಗಿರಲಿಲ್ಲ, ನಾನು ಅಲ್ಲೇ ನಿಂತಿದ್ದೆ. ನನ್ನ ಗೆಳತಿ ಶಬಾನಾಳನ್ನೂ ಕೇಳಿದೆ. ಹುಬ್ಬಳ್ಳಿಯವಳು, ಇಲ್ಲಿ ಡಾಕ್ಟರು, ಪವಾಡದ ವಿಷಯದಲ್ಲಿ ನನಗಿಂತ ಹೆಚ್ಚಿನ ಸಂಶಯಬುದ್ಧಿ, ಆದರೂ ಐದು ಹೊತ್ತಿನ ನಮಾಜು ತಪ್ಪಿಸುವುದಿಲ್ಲ.

“ಊಟದ ಮುಂದ ಆ ಪ್ರಾಣಿ ಹೆಸರ ತಗೀಬ್ಯಾಡವಾ ತಾಯಿ,” ಎಂದು ಮೊದಲು ಬೈದಳು. ಆಮೇಲೆ, “ಅಂಗಡಿಯಂವ ಹಳೇದು ಹೊಸದು ಕೂಡಿಸಿ ಕೊಟ್ಟಿರ್ತಾನ, ಅದರಾಗೇನೈತಿ?” ಎಂದಳು.

“ಒಂದೇ ತುಂಡು ಮಾರಾಯ್ತಿ, ನನ್ನ ಕಣ್ಣೆದುರೇ ಕಡಿದದ್ದು,” ಎಂದೆ.

ಅವಳು ಕೈ ತೊಳೆದು ಬಂದು, ಅಷ್ಟು ಬೇಗ ಅಷ್ಟು ಕೊಳೆಯುವುದಕ್ಕೆ ತನಗೆ ಗೊತ್ತಿರುವ ಯಾವ ದಾರಿಯೂ ಇಲ್ಲ ಎಂದು ಒಪ್ಪಿಕೊಂಡಳು. “ನನಗ ತಿಳೀವಲ್ದು. ಅದನ್ನ ಬಿಡು, ಆ ಹುಡುಗಿ ಹೆಂಗದಾಳ?” ಎಂದು ಕೇಳಿದಳು. ಅಲ್ಲಿಗೆ ಆ ತನಿಖೆ ನಿಂತಿತು. ಆ ದಿನದಿಂದ ನಾನು ಹಂದಿಮಾಂಸ ಮುಟ್ಟಿಲ್ಲ. ಕ್ರಿಸ್ಮಸ್ಸಿಗೂ ಮನೆಯಲ್ಲಿ ಕೋಳಿಯೇ. ಗಂಡ ಗೊಣಗುತ್ತಾನೆ, ಮಗಳು “ಮಮ್ಮಿ, ಯು ಆರ್ ಸೋ ಡ್ರಾಮಾ ಲಾ” ಎನ್ನುತ್ತಾಳೆ. ಅನ್ನಲಿ.

ಅದು ಸೇನಾಪತಿಯ ಹೆಂಡತಿಯ ಸಿಟ್ಟೇ ಎಂದು ನಾನು ಹೇಳುವುದಿಲ್ಲ. ಸತ್ತವರು ಸಿಟ್ಟಾಗುತ್ತಾರೆ ಎಂದು ಈಗಲೂ ನಂಬುವುದಿಲ್ಲ. ಸತ್ತವರಿಗೆ ಸಿಟ್ಟಿಲ್ಲ ಎಂದು ಮೊದಲಿನಷ್ಟು ಜೋರಾಗಿ ಹೇಳಲೂ ಬಾಯಿ ಬರುವುದಿಲ್ಲ. ನೋಡಿದ್ದನ್ನು ನೋಡಿದ ಹಾಗೆ ಬರೆದಿದ್ದೇನೆ, ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ.

ಬೂನ್ ಇವತ್ತಿಗೂ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುತ್ತಾನೆ, ಈಗ ಸೋತಿದ್ದಾನೆ. ತಾಯಿ ಆ ಗುಡಿಗೆ ಹೋಗುವುದು ಬಿಟ್ಟಿದ್ದಾರೆ. ಇಪೋದಲ್ಲಿ ಒಂದು ಒಳ್ಳೆಯ ದೇವರಿದೆ ಎಂದು ಹೋದರು, ಮಲಾಕ್ಕಾಗೆ ಹೋದರು, ಹಿಂದೂ ಗುಡಿಯಲ್ಲೂ ಕೇಳಿಸಿದರು, ಮೊನ್ನೆ ನಮ್ಮ ಚರ್ಚಿನ ವಿಳಾಸವನ್ನೂ ತೆಗೆದುಕೊಂಡರು. ಈಚೆಗೆ ಒಂದು ಮಧ್ಯಾಹ್ನ ಪರೋಟ ಹರಿಯುತ್ತಾ ಸ್ಯೂ ಲಿಂಗ್, ತಲೆಯೆತ್ತದೆ, ಒಂದು ಮಾತು ಹೇಳಿದಳು. ಅಮ್ಮ ಒಂದೇ ಒಂದು ಸಲ ಬಾಯಿ ಬಿಟ್ಟು ಕೇಳಿದ್ದರೆ ಕೊಡುತ್ತಿದ್ದೆ, ಈಗ ಕೇಳಿದರೂ ಕೊಡುತ್ತೇನೆ ಎಂದಳು. ನಾನು ಹೋಗಿ ಹೇಳಲಾ ಎಂದೆ. ಬೇಡ ಎಂದಳು. ತಾಯಿ ಮಗಳ ಕೋಣೆಗಳ ನಡುವೆ ಇರುವುದು ಒಂದು ಹಲಗೆಯ ಗೋಡೆ, ಒಬ್ಬರು ಕೆಮ್ಮಿದರೆ ಇನ್ನೊಬ್ಬರಿಗೆ ಕೇಳುತ್ತದೆ. ಆ ಹೆಂಗಸು ಇನ್ನೂ ಮಗಳನ್ನು ಕೇಳಿಲ್ಲ.